ಸುಲ್ತಾನ ತರ್ತೇನಿ ಅಂದ ನೀಲಿ ಬಣ್ಣ

ಗಾಂಧಿ ಗಂಜ, ಬೀದರ
ಮಂಗಳವಾರ, ೧೯-೧೧-೨೦೨೪

ನನ್ನವ್ವ ಈಶ್ವರಿ,

ಆರಾಮ ಇದ್ದೀ ಏನವ್ವಾ? ಹೊಟ್ಟಿಗೆ ಏನು ತಿಂತೀ, ಎಲ್ಲಿ ಮಲಗ್ತೀ? ಚಳಿ ಸುರು ಆಗ್ಯದ, ನಿನ್ನ ಸ್ವೆಟರ್ ಇಲ್ಲೇ ಗೂಟಕ್ಕ ತೂಗಲತ್ತದ. ನಿನ್ನ ಅವ್ವ ಆರಾಮ ಇದ್ದಾಳ ಅಂತ ಬರೀಬೇಕಂದ್ರ ಕೈ ಬರವಲ್ದು. ದಿನಾ ಔರಾದ ಬಸ್ ನಿಲ್ಲೋ ಕಡೆ ಹೋಗಿ ಕುಂಡ್ರತಾಳ, ಸಂತಪುರದ ನಿಮ್ಮ ಮಾಮಾನ ಮನಿಂದ ನೀ ಬಂದು ಇಳೀತೀ ಅಂತ. ನೀ ಅಲ್ಲಿಗೆ ಹೋಗೇ ಇಲ್ಲ ಅಂತ ಹತ್ತು ಸಲ ಹೇಳೀನಿ, ಕೇಳವಲ್ಲಳು.

ನೀ ಮನಿ ಬಿಟ್ಟು ಇಂದಿಗೆ ಇಪ್ಪತ್ತೆರಡು ದಿನ. ನಿನ್ನ ಮೋಬೈಲದಾಗ ಆ ಮಾತು ಓದಿದಾವ ನಾನೇ. ‘ನಾಳಿ ನೀಲಿ ಬಣ್ಣ ತರ್ತೇನಿ, ಯಾರಿಗೂ ಹೇಳಬ್ಯಾಡ, ನಮ್ಮ ಮನಿ ಮುಗಸೋಣ’ ಅಂತಿತ್ತು. ಕೆಳಗ ಸುಲ್ತಾನ ಅಂತ ಹೆಸರು. ನನ್ನ ತಲಿ ಕೆಟ್ಟು ಹೋತು. ‘ಅದು ಮೋಬೈಲದಾಗಿನ ಆಟರೀ ಅಪ್ಪಾ, ಆಟದ ಬಣ್ಣರೀ’ ಅಂತ ನೀ ಕೈ ಮುಗದಿ. ನಾ ಮೋಬೈಲ ನೆಲಕ್ಕ ಒಗದು ಒಡದೆ. ದಿನಾ ತೊಗರಿ ಚೀಲ ಹೊರೋ ಕೈ ಅವ್ವಾ ಇದು, ಈ ಕೈಲೇ ನಿನಗ ಹೊಡದೆ. ಮರುದಿನಾನೇ ಬಗದಲ ಊರಾಗ ಒಂದು ವರ ನೋಡಿ ಮಾತು ಕೊಟ್ಟೆ. ತಿರುಗಿ ಬರೋದ್ರಾಗ ನೀ ಇದ್ದಿಲ್ಲ.

ಸುಲ್ತಾನ ಅನ್ನಾವ ಸಿಕ್ಕರ ಬಿಡೂದಿಲ್ಲ ಅಂತ ಗಂಜ ಪೂರಾ ತಿರುಗಿದೆ. ಹೋದ ಐತವಾರ ಸುಲ್ತಾನ ತಾನಾಗೇ ನಮ್ಮ ಬಾಗಿಲಿಗೆ ಬಂತು. ನಿನ್ನ ಕಾಲೇಜಿನ ಗೆಳತಿ ರುಖ್ಸಾರ! ‘ಚಾಚಾ, ಆಟದಾಗ ನನ್ನ ಹೆಸರೇ ಸುಲ್ತಾನರೀ’ ಅಂತ ಅತ್ತಳು. ತನ್ನ ಮೋಬೈಲದಾಗ ಎಲ್ಲಾ ತೋರಿಸಿದಳು. ಆಟದ ಅಡವ್ಯಾಗ ನೀಲಿ ಹೂವು ಹುಡುಕಬೇಕಂತ, ಅದರಿಂದ ಬಣ್ಣ ಮಾಡಿ ಗಾಜಿಗೆ ಹಚ್ಚಿದ್ರ ಕಿಟಕಿ ನೀಲಿ ಆಗ್ತದಂತ. ಗೊತ್ತಾದ್ರ ಬ್ಯಾರೆ ಆಡೋರು ಕದೀತಾರಂತ ಯಾರಿಗೂ ಹೇಳಬ್ಯಾಡ ಅಂದಿದ್ದಳಂತ. ನೀವಿಬ್ಬರೂ ಕಟ್ಟಿದ ಮನಿ ನೋಡಿದೆ. ಅದರಾಗ ಒಂದು ಖೋಲಿ ಬಾಗಿಲ ಮ್ಯಾಲ ‘ಅಪ್ಪ ಅವ್ವ’ ಅಂತ ಬರದೀ.

ಅವತ್ತೇ ಬಗದಲಕ್ಕ ಹೋಗಿ ಕೊಟ್ಟ ಮಾತು ಹಿಂದಕ್ಕ ತಗೊಂಡೆ. ‘ಮಗಳದು ಏನೂ ತಪ್ಪಿಲ್ಲರಿ, ಗಲತಿ ಎಲ್ಲಾ ನಂದೇ’ ಅಂತ ಅವರ ಅಂಗಳದಾಗ ಎಲ್ಲಾರ ಮುಂದ ಹೇಳಿದೆ. ಈ ಪತ್ರ ಎಲ್ಲಿಗೆ ಕಳಸಬೇಕು ನನಗ ತಿಳೀವಲ್ದು. ಆ ಆಟದಾಗ ಪುಸ್ತಕಾನೂ ಬರೀಲಿಕ್ಕೆ ಬರ್ತದಂತ. ನಾ ಬರದದ್ದು ರುಖ್ಸಾರ ಅದರಾಗ ಇಳಿಸಿ ನಿಮ್ಮ ಆ ಮನ್ಯಾಗ ಇಡ್ತಾಳ. ಯಾರದರೆ ಮೋಬೈಲದಾಗ ಒಮ್ಮೆಯಾದ್ರೂ ನೀ ಆಟ ತೆರದೇ ತೆರೀತೀ ಅಂತಾಳ.

ಬಸವಣ್ಣ ನಿನ್ನ ಬೆನ್ನಿಗಿರಲಿ. ಬಾ ಅನ್ನಲಿಕ್ಕೆ ನನಗ ಮಾರಿ ಉಳದಿಲ್ಲ.

ನಿನ್ನ ಅಪ್ಪ,
ಮಡೆಪ್ಪ

ತಾ.ಕ.: ಬುಧವಾರ, ಭಾಲ್ಕಿ. ನಿನ್ನೆ ಪತ್ರ ಮುಗಸೋದ್ರಾಗ ಪೊಲೀಸರ ಫೋನ್ ಬಂತು. ರೈಲು ಹಳಿ ಬಾಜೂಕ ಒಂದು ಹುಡುಗಿಯ ಹೆಣ ಸಿಕ್ಕದ, ಬಂದು ಗುರ್ತು ಹಿಡೀರಿ ಅಂದ್ರು. ನಿನ್ನ ಅವ್ವಗ ಹೇಳದೆ ಇಲ್ಲಿ ದವಾಖಾನಿಗೆ ಬಂದೆ. ಮಾರಿ ಮ್ಯಾಲಿನ ಬಟ್ಟಿ ಸರಿಸಿದ್ರು. ನೀ ಅಲ್ಲ. ‘ನನ್ನ ಮಗಳಲ್ಲರಿ’ ಅಂದೆ, ಜೀವ ಬಂತು, ಹಂಗ ಜೀವ ಬಂದದ್ದಕ್ಕ ನಾಚಿಕಿ ಆತು. ನಿನ್ನಷ್ಟೇ ವಯಸ್ಸಿನಾಕಿ. ಆಕಿಯವರು ಇನ್ನೂ ಯಾರೂ ಬಂದಿಲ್ಲ. ಹೆಣ ಇಟ್ಟ ಖೋಲಿ ಬಾಗಿಲ ಹೊರಗ ಕುಂತು ಬರೀಲತ್ತೀನಿ, ಯಾರರೆ ಬರೋತನಕ ಇಲ್ಲೇ ಇರ್ತೀನಿ. ಈಶ್ವರಿ, ಮನಿಗೆ ಬರಬ್ಯಾಡ, ಎಲ್ಲಿದ್ದೀ ಅಂತಾನೂ ಹೇಳಬ್ಯಾಡ. ಜೀವಂತ ಇದ್ದೀನಿ ಅಂತ ರುಖ್ಸಾರಗ ಒಂದು ಮಾತು ಹೇಳು.