ಬೀಗ ಹೊಸದು, ಪಂಪು ಹಳೆಯದು

ಮಾನ್ಯ ಮುಖ್ಯ ಆಡಳಿತಾಧಿಕಾರಿಗಳೇ,

ನೀವು ನನ್ನಿಂದ ಒಂದು ವಾಕ್ಯ ಬರೆಸಿಕೊಂಡಿರಿ, ಅದನ್ನು ಮೆಚ್ಚಿ ಫೋನು ಮಾಡಿದಿರಿ, ಆಮೇಲೆ ಅದೇ ವಾಕ್ಯದ ಅರ್ಧವನ್ನು ಕತ್ತರಿಸಿಕೊಂಡು ನನ್ನ ಅಣ್ಣನನ್ನು ಅಮಾನತು ಮಾಡಿದಿರಿ. ನನ್ನ ದೂರು ಇಷ್ಟೇ. ಉಳಿದದ್ದೆಲ್ಲ ವಿವರ. ವಿವರ ಬೇಕೆಂದು ಮೊದಲು ಕೇಳಿದವರು ನೀವೇ ಆದ್ದರಿಂದ ಈ ಸಲವೂ ಸಣ್ಣದನ್ನೂ ಬಿಡದೆ ಬರೆಯುತ್ತೇನೆ. ಹೋದ ಸಲ ಲಕೋಟೆ ಅಂಟಿಸಿ ಕೊಟ್ಟಿದ್ದೆ. ಈ ಸಲ ಪತ್ರಿಕೆಗೆ ಕೊಡುತ್ತಿದ್ದೇನೆ. ಲಕೋಟೆಯ ಮೇಲಿದ್ದ ನಂಬಿಕೆ ಹೋಯಿತು.

ನಿಮ್ಮ ಆವರಣದ ಹೆಸರು ಬರೆಯುವುದಿಲ್ಲ, ಗಾಬರಿ ಬೇಡ. ಎತ್ತರದ ಗೋಡೆ, ಗೋಡೆಯ ಮೇಲೆ ಮುಳ್ಳುತಂತಿ, ಗೇಟಿನಲ್ಲಿ ಬಂದೂಕು, ಒಳಗೆ ಏನು ನಡೆಯುತ್ತದೆಂದು ಕೇಳಬಾರದೆಂಬ ಶಿಸ್ತು, ಇಷ್ಟಿರುವ ಜಾಗಗಳು ಲೋಕದಲ್ಲಿ ಬೇಕಾದಷ್ಟಿವೆ. ಒಳಗಿನ ಮಹತ್ಕಾರ್ಯ ಏನೆಂದು ನನಗೂ ಗೊತ್ತಿಲ್ಲ. ಆದರೆ ಮಹತ್ಕಾರ್ಯ ಮಾಡುವವರೂ ಸ್ನಾನ ಮಾಡುತ್ತಾರೆ, ತಟ್ಟೆ ತೊಳೆಯುತ್ತಾರೆ, ಶೌಚಕ್ಕೆ ಹೋಗುತ್ತಾರೆ. ಆ ನೀರಷ್ಟೂ ಇಳಿಜಾರು ಹಿಡಿದು ಬಂದು ಆಳದ ಬಾವಿಗಳಲ್ಲಿ ತುಂಬುತ್ತದೆ. ಅಲ್ಲಿಂದ ಅದನ್ನು ಮೇಲೆತ್ತಿ ಗೋಡೆಯಾಚೆಯ ದೊಡ್ಡ ಕೊಳವೆಗೆ ದೂಡುವುದು ಮೂರು ಪಂಪ್‌ಹೌಸುಗಳ ಕೆಲಸ. ಎಷ್ಟೇ ದೊಡ್ಡ ರಹಸ್ಯವಾದರೂ ಅದರ ಕೊಳಚೆಯನ್ನು ಯಾರಾದರೊಬ್ಬರು ಹೊರಗೆ ಸಾಗಿಸಲೇಬೇಕಲ್ಲ. ಇಪ್ಪತ್ತಾರು ವರ್ಷ ಅದನ್ನು ಸಾಗಿಸಿದವನು ಪಂಪ್ ಆಪರೇಟರ್ ಆದ ನನ್ನ ಅಣ್ಣ.

ಈ ಮೂರರಲ್ಲಿ ಎಲ್ಲಕ್ಕಿಂತ ತಗ್ಗಿನಲ್ಲಿರುವ ಮೂರನೇ ಪಂಪ್‌ಹೌಸು ನನಗಿಂತ ಮೂರು ವರ್ಷ ದೊಡ್ಡದು. ನನಗೀಗ ನಲವತ್ತೆಂಟು. ಅಲ್ಲಿ ಎರಡು ಪಂಪುಗಳಿವೆ. ಓಡುವುದು ಒಂದೇ. ಇನ್ನೊಂದು ಒಂಬತ್ತು ವರ್ಷದಿಂದ ಗೋಣಿಚೀಲ ಹೊದ್ದು ಕೂತಿದೆ. ಅದರ ಮೈಯಿಂದ ಕಳಚಬಹುದಾದದ್ದನ್ನೆಲ್ಲ ಕಳಚಿ ಮೊದಲನೆಯದಕ್ಕೆ ಜೋಡಿಸಿಯಾಗಿದೆ. ಆ ಒಂದಾದರೂ ಓಡುತ್ತಿದ್ದದ್ದು ಅಣ್ಣನ ಕಿವಿಯಿಂದ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿನ ಮೇಲಿಟ್ಟು, ಹಿಡಿಯನ್ನು ಕಿವಿಗೊತ್ತಿ, ಕಣ್ಣು ಮುಚ್ಚಿ ನಿಲ್ಲುತ್ತಾನೆ. ಮನೆಯಲ್ಲಿ ಮಿಕ್ಸಿ ಕೆಟ್ಟರೂ ಅದೇ ಭಂಗಿ. ಜೊತೆಯವರು ಅವನನ್ನು ಕಿವಿಯಣ್ಣ ಎಂದೇ ಕರೆಯುತ್ತಾರೆ. ನಾನು ಕವಿತೆ ಓದುವಾಗ ನನ್ನ ಮುಖವೂ ಹಾಗೇ ಆಗುತ್ತದಂತೆ. ಅಣ್ಣ ತಂಗಿ ಇಬ್ಬರಿಗೂ ಒಲೆಯ ಮೇಲೆ ಹಾಲು ಉಕ್ಕುವ ಸದ್ದು ಮಾತ್ರ ಕೇಳಿಸುವುದಿಲ್ಲ ಎನ್ನುವುದು ನಮ್ಮ ಅತ್ತಿಗೆಯ ಹಳೆಯ ದೂರು.

ಇನ್ನು ಬೀಗದ ವಿಷಯ. ಪಾಳಿಗೆ ಆಪರೇಟರ್ ಒಬ್ಬ, ಪಂಪ್‌ಹೌಸು ಮೂರು. ಒಂದನ್ನು ನೋಡಿ ಇನ್ನೊಂದಕ್ಕೆ ಹೋಗುವಾಗ ಬೀಗ ಹಾಕಿ ಕೀಲಿಯನ್ನು ಮುಖ್ಯ ಗೇಟಿನ ಕಾವಲು ಕೋಣೆಗೆ ಒಪ್ಪಿಸಬೇಕು, ಮತ್ತೆ ಬೇಕಾದಾಗ ಚೀಟಿಗೆ ಅಧಿಕಾರಿಯ ಸಹಿ ಹಾಕಿಸಿ ತರಬೇಕು. ಸಹಿ ಹಾಕುವವರು ಕುರ್ಚಿಯಲ್ಲೇ ಇದ್ದರೂ ಇದಕ್ಕೆ ಮೂವತ್ತೈದು ನಿಮಿಷ. ಪಂಪು ನಿಂತರೆ ಬಾವಿ ತುಂಬಿ ಉಕ್ಕಲು ಇಪ್ಪತ್ತು ನಿಮಿಷ. ಇಪ್ಪತ್ತರಲ್ಲಿ ಮೂವತ್ತೈದು ಕಳೆಯುವ ಗಣಿತ ನಿಮ್ಮ ಕಚೇರಿಯಲ್ಲಿ ಇರಬಹುದು, ಕೊಳಚೆ ನೀರಿಗೆ ಅದು ಬರುವುದಿಲ್ಲ. ಆದ್ದರಿಂದ ಅಣ್ಣನಿಗಿಂತ ಹಿಂದಿನವರ ಕಾಲದಿಂದಲೂ ಒಂದು ರೂಢಿ ಇತ್ತು. ಮುಂಬಾಗಿಲಿಗೆ ಬೀಗ ಹಾಕಿ ಕೀಲಿ ಒಪ್ಪಿಸುವುದು, ಹಿಂಬಾಗಿಲ ಚಿಲಕಕ್ಕೆ ಬೀಗವನ್ನು ಸುಮ್ಮನೆ ಸಿಕ್ಕಿಸಿ ಬಿಡುವುದು. ದೂರದಿಂದ ನೋಡಿದರೆ ಹಾಕಿದಂತೆಯೇ ಕಾಣುತ್ತದೆ. ಕಾವಲಿನವರಿಗೆ ಗೊತ್ತಿತ್ತು, ಮೇಲ್ವಿಚಾರಕರಿಗೆ ಗೊತ್ತಿತ್ತು. ಈ ಸಿಕ್ಕಿಸಿದ ಬೀಗದ ದೆಸೆಯಿಂದಲೇ ನಿಮ್ಮ ಮಹತ್ಕಾರ್ಯದ ನೆಲ ಇಷ್ಟು ವರ್ಷ ಒಣಗಿಯೇ ಇತ್ತು. ಈಗ ಇದನ್ನು ಬರೆದರೆ ರಹಸ್ಯವೇನೂ ಬಯಲಾಗುವುದಿಲ್ಲ. ಆ ಬಾಗಿಲನ್ನೇ ನೀವು ಕಿತ್ತು ಹಾಕಿಸಿದ್ದೀರಿ.

ಎರಡು ವರ್ಷದ ಹಿಂದೆ ನೀವು ಹೊಸದಾಗಿ ಬಂದಿರಿ. ಅಧಿಕಾರಿ ಎಂಬುವವರು ಮೂರನೇ ಪಂಪ್‌ಹೌಸಿನ ಒಳಗೆ ಕಾಲಿಟ್ಟದ್ದು ಅದೇ ಮೊದಲು. ಅಣ್ಣ ಅವತ್ತು ಸಂಜೆ ನಮ್ಮ ಮನೆಗೇ ಬಂದಿದ್ದ. "ಮೂಗಿಗೆ ಕರ್ಚೀಫ್ ಹಿಡೀಲಿಲ್ಲ ಪುಟ್ಟಿ. ಬಾವಿ ಅಂಚಿಗೆ ಬಂದು ಬಗ್ಗಿ ನೋಡಿದ್ರು. ಈ ಮನುಷ್ಯ ಮಾಡ್ತಾರೆ ನೋಡು," ಅಂದ. ಕರ್ಚೀಫು ತೆಗೆಯದ ಒಂದು ಕೈಯನ್ನು ನೋಡಿ ಇಪ್ಪತ್ತೈದು ವರ್ಷದ ಅನುಭವಸ್ಥ ಮರುಳಾದ. ನೀವು ಹೇಳಿದಿರಂತೆ, ಭಯ ಬೇಡ, ಇದ್ದದ್ದನ್ನು ಇದ್ದ ಹಾಗೆ ಬರೆದು ಕೊಡಿ, ಸಣ್ಣದನ್ನೂ ಬಿಡಬೇಡಿ, ವಿವರ ಇದ್ದರೆ ಫೈಲು ಅಲುಗಾಡುತ್ತದೆ ಎಂದು.

ಅಣ್ಣನಿಗೆ ಪಂಪು ಬಿಚ್ಚಲು ಬರುತ್ತದೆ, ಬರೆಯಲು ಬರುವುದಿಲ್ಲ. ನಾನೋ ಸಾಹಿತ್ಯದಲ್ಲಿ ಎಂ.ಎ. ಮಾಡಿ, ಮುದ್ರಣಾಲಯವೊಂದರಲ್ಲಿ ಇಪ್ಪತ್ತು ವರ್ಷದಿಂದ ಕರಡು ತಿದ್ದುತ್ತಿರುವವಳು. ಬೇರೆಯವರ ವಾಕ್ಯಗಳಲ್ಲಿ ತಪ್ಪು ಹುಡುಕುವುದೇ ನನ್ನ ಅನ್ನ. ಮೂರು ಭಾನುವಾರ ಅಡುಗೆಮನೆಯ ಮೇಜಿನ ಮೇಲೆ ಅವನು ಹೇಳಿದ, ನಾನು ಬರೆದೆ. ಬೀಗದ ಮಾತು ಬಂದಾಗ ಅವನು ನಿಲ್ಲಿಸಿದ.

"ಅದು ಬೇಡ ಪುಟ್ಟಿ."

"ಯಾಕಣ್ಣ? ಸಣ್ಣದನ್ನೂ ಬಿಡಬೇಡಿ ಅಂದಿದ್ದಾರಲ್ಲ."

"ಅಂತಾರೆ. ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತೆ. ಕಾಗದದ ಮೇಲೆ ಕೂತಿದ್ದು ಎದ್ದು ಹೋಗಲ್ಲ."

ನಾನು ವಾದ ಮಾಡಿದೆ. ಎರಡನೇ ಪಂಪು ಯಾಕೆ ಬೇಕು ಎಂಬುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಯಾವುದಿದೆ ಎಂದೆ. ಅದು ನಿಜವೇ. ಆದರೆ ಪೂರ್ತಿ ನಿಜವಲ್ಲ. ಆ ಹೊತ್ತಿಗಾಗಲೇ ನನ್ನ ತಲೆಯಲ್ಲಿ ವಾಕ್ಯ ಕೂಡಿಬಂದಿತ್ತು, ಅದನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲ. "ಪಂಪು ನಿಂತರೆ ನಮಗಿರುವುದು ಇಪ್ಪತ್ತು ನಿಮಿಷ, ಕೀಲಿ ಬರಲು ಮೂವತ್ತೈದು; ಆದ್ದರಿಂದ ನಾವು ಹಿಂಬಾಗಿಲಿಗೆ ಬೀಗವನ್ನು ತೊಡಿಸುತ್ತೇವೆ, ಹಾಕುವುದಿಲ್ಲ." ಅಣ್ಣ ಎರಡು ಸಲ ಓದಿಸಿಕೊಂಡು ಕೇಳಿದ. ನೀನು ಓದಿದವಳು, ನಿನಗೆ ಗೊತ್ತಿರುತ್ತದೆ ಎಂದು ಸಹಿ ಹಾಕಿದ. ಓದಿದವಳಿಗೆ ಏನು ಗೊತ್ತಿತ್ತು ಎಂಬುದು ಆಮೇಲೆ ಗೊತ್ತಾಯಿತು.

ಮಾನ್ಯರೇ, ಆ ಫೋನು ನಿಮಗೆ ನೆನಪಿದೆಯೇ? ಒಂದು ಮಧ್ಯಾಹ್ನ ಮುದ್ರಣಾಲಯಕ್ಕೆ ಮಾಡಿದ್ದಿರಿ. ಅರ್ಜಿ ಬರೆದವರು ಯಾರೆಂದು ಅಣ್ಣನನ್ನು ಕೇಳಿ ನಂಬರು ತೆಗೆದುಕೊಂಡಿದ್ದಿರಿ. ಆ ವಾಕ್ಯವನ್ನು ಮೊದಲಿಂದ ಕೊನೆಯವರೆಗೆ ನನಗೇ ಓದಿ ಹೇಳಿದಿರಿ. "'ತೊಡಿಸುತ್ತೇವೆ, ಹಾಕುವುದಿಲ್ಲ.' ಎಷ್ಟು ಚೆನ್ನಾಗಿ ಹೇಳಿದ್ದೀರಮ್ಮ. ನಮ್ಮ ಕಡತಗಳಲ್ಲಿ ಇಂಥ ಕನ್ನಡ ಎಲ್ಲಿ ಸಿಗುತ್ತೆ?" ಓದುವ ದಿನಗಳಲ್ಲಿ ತಾವೂ ಕವಿತೆ ಓದುತ್ತಿದ್ದಿರೆಂದೂ ಹೇಳಿದಿರಿ. ನಾನು ಆ ಮಾತನ್ನು ಒಂದು ವಾರ ಸೆರಗಿನಲ್ಲಿ ಗಂಟು ಹಾಕಿಕೊಂಡವಳಂತೆ ಓಡಾಡಿದೆ. ಹೊಗಳಿಕೆಗೆ ಬಾಯಾರಿದವರನ್ನು ಗುರುತಿಸುವುದು ಅಧಿಕಾರಿಗಳಿಗೆ ತರಬೇತಿಯಲ್ಲೇ ಕಲಿಸುತ್ತಾರೆಯೇ, ಇಲ್ಲ ಅದು ಹುಟ್ಟುಗುಣವೇ?

ಹನ್ನೊಂದು ತಿಂಗಳಿಗೆ "ಮೇಲ್ದರ್ಜೆಗೇರಿಸುವ ಕಾಮಗಾರಿ" ಬಂತು. ಗೋಡೆಗೆ ಬಣ್ಣ ಬಂತು. ಬಾಗಿಲ ಮೇಲೆ ಫಲಕ ಬಂತು. ಎರಡು ಕ್ಯಾಮೆರಾ ಬಂದವು. ಹಳೆಯ ಮರದ ಬಾಗಿಲುಗಳು ಹೋಗಿ, ಕಾರ್ಡು ತೋರಿಸಿದರೆ ತೆರೆಯುವ ಕಬ್ಬಿಣದ ಬಾಗಿಲುಗಳು ಬಂದವು. ಪಂಪು ಬರಲಿಲ್ಲ. ಓಡುವ ಪಂಪಿಗೆ ಹಸಿರು ಬಣ್ಣ ಬಳಿದರು, ಗೋಣಿಚೀಲ ತೆಗೆದು ಸತ್ತ ಪಂಪಿಗೂ ಅದೇ ಹಸಿರು ಬಳಿದರು. ಈಗ ಯಾವುದಕ್ಕೆ ಜೀವವಿದೆ ಎಂದು ನೋಡಿದರೆ ತಿಳಿಯುವುದಿಲ್ಲ. ನಾವು ನಾಲ್ಕು ಪುಟ ಪಂಪಿನ ಬಗ್ಗೆ ಬರೆದಿದ್ದೆವು, ಒಂದು ಸಾಲು ಬೀಗದ ಬಗ್ಗೆ. ನಿಮ್ಮ ಕಚೇರಿಗೆ ಕಂಡದ್ದು ಆ ಸಾಲು ಮಾತ್ರ.

ಅದೇ ತಿಂಗಳು ಆದೇಶ ಬಂತು. ಭದ್ರತೆಗೆ ಉದ್ದೇಶಪೂರ್ವಕ ಧಕ್ಕೆ, ಅಮಾನತು, ವಿಚಾರಣೆ, ಪಂಪ್‌ಹೌಸಿನ ನೂರು ಹೆಜ್ಜೆಯೊಳಗೆ ಸುಳಿಯಬಾರದು. ನಿವೃತ್ತಿಗೆ ಹದಿನಾಲ್ಕು ತಿಂಗಳಿದ್ದವನಿಗೆ. ಮತ್ತು ಉದ್ಧರಣ ಚಿಹ್ನೆಗಳ ನಡುವೆ, ಆರೋಪಿಯ ಸ್ವಂತ ಹೇಳಿಕೆಯಾಗಿ: "ನಾವು ಹಿಂಬಾಗಿಲಿಗೆ ಬೀಗವನ್ನು ತೊಡಿಸುತ್ತೇವೆ, ಹಾಕುವುದಿಲ್ಲ." ಕರಡು ತಿದ್ದುವವಳ ಕಣ್ಣು ಮೊದಲು ಹೋಗುವುದು ಬಿಟ್ಟುಹೋದದ್ದರ ಕಡೆಗೆ. ಇಪ್ಪತ್ತು ನಿಮಿಷ ಬಿಟ್ಟುಹೋಗಿತ್ತು. ಮೂವತ್ತೈದು ಬಿಟ್ಟುಹೋಗಿತ್ತು. "ಆದ್ದರಿಂದ" ಎಂಬ ಬಡಪಾಯಿ ಪದವೂ ಬಿಟ್ಟುಹೋಗಿತ್ತು. ಕಾರಣವನ್ನು ಕತ್ತರಿಸಿ ಬಿಸಾಡಿದರೆ ಯಾರ ಯಾವ ಮಾತು ತಾನೇ ಅಪರಾಧವಾಗುವುದಿಲ್ಲ? ಇದು ಗುಮಾಸ್ತರ ಕೈತಪ್ಪು ಎನ್ನಬೇಡಿ. ಆ ವಾಕ್ಯ ಪೂರ್ತಿ ಹೇಗಿತ್ತೆಂದು ನಿಮಗೆ ಬಾಯಿಪಾಠ ಇತ್ತು.

ಹೋದ ತಿಂಗಳು ಒಂದು ಬೆಳಿಗ್ಗೆ ನಾನು ಪಾಸು ಮಾಡಿಸಿಕೊಂಡು ಅಣ್ಣನ ಮನೆಗೆ ಹೋಗಿದ್ದೆ. ಅವರ ವಸತಿಸಾಲು ಪಂಪ್‌ಹೌಸಿನಿಂದ ನೂರೈವತ್ತು ಹೆಜ್ಜೆ, ಅದಕ್ಕಿಂತಲೂ ತಗ್ಗು. ಅಣ್ಣ ಬಟ್ಟೆ ಮಡಿಸುತ್ತಿದ್ದ. ಅಂಗಿಯೊಂದು ಕೈಯಲ್ಲೇ ಉಳಿಯಿತು. "ನಿಂತಿತು," ಅಂದ. ನಮಗೆ ಏನೂ ಕೇಳಿಸಿರಲಿಲ್ಲ. ಕಿಟಕಿಯಿಂದ ನೋಡಿದರೆ ಪಾಳಿಯ ಆಪರೇಟರು ಓಡಿ ಬಂದು ಬಾಗಿಲಿಗೆ ಕಾರ್ಡು ತೋರಿಸುತ್ತಿದ್ದಾರೆ, ಒರೆಸಿ ತೋರಿಸುತ್ತಿದ್ದಾರೆ, ಬಾಗಿಲು ಕದಲುತ್ತಿಲ್ಲ. ನಿಮ್ಮ ಹೊಸ ಬೀಗಕ್ಕೆ ಕರೆಂಟು ಹೋಗುವುದು ಪಂಪಿನ ಪ್ಯಾನೆಲ್ಲಿನಿಂದಲೇ. ಪಂಪು ಟ್ರಿಪ್ ಆದರೆ ಬೀಗವೂ ಸಾಯುತ್ತದೆ, ಮುಚ್ಚಿಕೊಂಡೇ ಸಾಯುತ್ತದೆ. ಇದನ್ನು ಒಬ್ಬ ಆಪರೇಟರನ್ನು ಕೇಳಿದ್ದರೂ ಹೇಳುತ್ತಿದ್ದ. ಆದರೆ ಕೇಳಿದರೆ ಹೇಳುವವರ ಗತಿ ಏನಾಗುತ್ತದೆಂದು ಅಷ್ಟು ಹೊತ್ತಿಗೆ ಎಲ್ಲರೂ ನೋಡಿದ್ದರು.

ಆಪರೇಟರು ಅಣ್ಣನ ಮನೆಯತ್ತ ತಿರುಗಿ ಕೂಗಿದರು. "ಕಿವಿಯಣ್ಣ, ಏನ್ ಮಾಡ್ಲಿ?" ಹಳೆಯ ಗಾಳಿಕಿಂಡಿಯ ಸರಳು ಎತ್ತಿ ಒಳಗಿಳಿಯುವುದು ಅಣ್ಣನೊಬ್ಬನಿಗೇ ಗೊತ್ತಿತ್ತು, ಅದು ದೂರದಿಂದ ಕೂಗಿ ಹೇಳಿಕೊಡುವಂಥದಲ್ಲ.

"ಹೋಗ್ರೀ, ಈಗ ಯಾರು ನೋಡ್ತಾರೆ?" ಅಂದಳು ಅತ್ತಿಗೆ.

"ಕ್ಯಾಮೆರಾ ನೋಡುತ್ತೆ. ನಾನು ಹೋದ್ರೆ ಅವರು ಬರೆದದ್ದು ನಿಜ ಆಗುತ್ತೆ."

ಅವನು ಹೊಸ್ತಿಲ ಮೇಲೆ ಕೂತ, ಎರಡು ಕೈಗಳನ್ನೂ ಮಂಡಿಯ ಮೇಲೆ ಊರಿಕೊಂಡು. ಆಪರೇಟರು ಗೇಟಿನ ಕಡೆ ಓಡಿದರು. ನಾನು ಗಡಿಯಾರ ನೋಡುತ್ತಿದ್ದೆ. ಇಪ್ಪತ್ತೆರಡನೇ ನಿಮಿಷಕ್ಕೆ ಬಚ್ಚಲಿನ ಕಿಂಡಿಯಿಂದ ಕಪ್ಪು ನೀರು ಬಂತು. ಎಂಟು ಮನೆಗಳಿಗೆ ನುಗ್ಗಿತು. ಪಕ್ಕದ ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿ ಇದ್ದಾರೆ, ಅವರ ಮಂಚದ ನಾಲ್ಕು ಕಾಲಿಗೂ ಇಟ್ಟಿಗೆ ಕೊಟ್ಟು ಎತ್ತರಿಸಿದೆವು. ಕಾರ್ಡು ನಡೆಯದಿದ್ದಾಗ ಬಾಗಿಲು ತೆರೆಯುವ ಕೀಲಿ ಗೇಟಿನಿಂದ ಬಂದದ್ದು ಐವತ್ತನೇ ನಿಮಿಷಕ್ಕೆ. ಮೇಲ್ದರ್ಜೆಗೇರಿಸಿದ ಮೇಲೆ ಹದಿನೈದು ನಿಮಿಷ ಹೆಚ್ಚೇ ಆಗಿತ್ತು.

ಆಮೇಲೆ ನೆಲ ತೊಳೆಯುವಾಗ ನನ್ನಿಂದ ತಡೆಯಲಾಗಲಿಲ್ಲ, ನಿನ್ನ ಮಾತು ಕೇಳಬೇಕಿತ್ತು ಅಣ್ಣ ಎಂದೆ. ಅವನು ಪೊರಕೆ ನಿಲ್ಲಿಸಲಿಲ್ಲ. "ನೀನು ಚೆನ್ನಾಗೇ ಬರೆದಿದ್ದೆ ಪುಟ್ಟಿ. ಓದಿದವರು ಸರಿ ಇರ್ಲಿಲ್ಲ." ಅವನು ಬೈದಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲವೇನೋ.

ಮುಂದಿನ ವಾರ ವಿಚಾರಣೆಯಂತೆ. ಒಬ್ಬನೇ ಬರಬೇಕು, ಜೊತೆಗೆ ಯಾರೂ ಬರಬಾರದು ಎಂದು ನೋಟೀಸಿನಲ್ಲಿದೆ. ನಾನು ದಯೆ ಕೇಳುತ್ತಿಲ್ಲ. ಆ ವಾಕ್ಯ ನನ್ನದು, ಅಣ್ಣನದಲ್ಲ, ಅವನು ಬೇಡವೆಂದದ್ದು. ಬರೆದವಳನ್ನು ಕರೆಸಿ. ಬರೆಯಿರಿ ಎಂದವರು ತಾವೆಂದು ನೀವೂ ಕಡತದಲ್ಲಿ ಬರೆದು ಸಹಿ ಹಾಕಿ. ಹಸಿರು ಬಣ್ಣ ಬಳಿಸಿಕೊಂಡು ನಿಂತಿರುವ ಆ ಹೆಣವನ್ನು ತೆಗೆಸಿ, ಓಡುವ ಒಂದು ಪಂಪು ತಂದು ಕೂರಿಸಿ. ಅದಕ್ಕೂ ಮೊದಲು ಇನ್ನೊಂದು ಕೆಲಸವಿದೆ, ಅದಕ್ಕೆ ಟೆಂಡರು ಬೇಡ. ವಿಚಾರಣೆಯ ಕೋಣೆಯಲ್ಲಿ ಆ ವಾಕ್ಯವನ್ನು ನೀವೇ ಗಟ್ಟಿಯಾಗಿ ಓದಿ, ಅವತ್ತು ನನಗೆ ಫೋನಿನಲ್ಲಿ ಓದಿದ ಹಾಗೆ, ಇಪ್ಪತ್ತು ನಿಮಿಷದಿಂದ ಶುರು ಮಾಡಿ ಕೊನೆಯವರೆಗೆ. ಎದುರಿನ ಕುರ್ಚಿಯಲ್ಲಿ ಅಣ್ಣ ಕಣ್ಣು ಮುಚ್ಚಿ ಕೂತಿರುತ್ತಾನೆ. ಎಲ್ಲಿ ಸದ್ದು ಬದಲಾಯಿತೆಂದು ಅವನಿಗೆ ತಿಳಿಯುತ್ತದೆ.

ಇಂತಿ,
ಬೇಡವೆಂದ ಅಣ್ಣನ ಮಾತು ಮೀರಿ, ನಿಮ್ಮ ಮಾತು ನಂಬಿ ಬರೆದ,
ಕರಡು ತಿದ್ದುವ ತಂಗಿ