ಗೋಡೆಗಲ್ಲ, ಒಲೆಗೆ

ಗುರುವಾರ, ಜೂನ್ ೧೨

ಬೆಳಿಗ್ಗೆ ಹಾಲಿಳಿಸುವಾಗ ಬೆರಳಿಗೆ ಮತ್ತೊಂದು ಬೊಬ್ಬೆ. ಬಿಸಿ ಪಾತ್ರೆ ಹಿಡಿಯಲೆಂದೇ ಹತ್ತಿ ನೂಲನ್ನು ಎರಡೆಳೆ ಮಾಡಿ, ಕ್ರೋಶಾದಲ್ಲಿ ದಪ್ಪನೆಯ ಮಸಿಬಟ್ಟೆ ಹೆಣೆದವಳು ನಾನು. ಚೆಂದವಾಗಿದೆಯೆಂದು ಅತ್ತೆ ಅದನ್ನು ಹಾಲ್‌ನಲ್ಲಿ ಮೊಳೆ ಹೊಡೆಸಿ ತೂಗುಹಾಕಿದ್ದಾರೆ. ಒಲೆಯ ಬಳಿ ಮಾತ್ರ ನಮ್ಮ ಯಜಮಾನರ ಅದೇ ಹರಕು ಬನಿಯನ್.

ಸಂಜೆ ಮಸಿಬಟ್ಟೆ ಇಳಿಸಿ ತಂದು, ಅದರಲ್ಲೇ ಕುದಿಯುವ ಪಾತ್ರೆ ಹಿಡಿದೆ.

"ಅಯ್ಯೋ, ಅಷ್ಟು ಚೆಂದದ್ದನ್ನ ಮಸಿ ಮಾಡ್ತೀಯಲ್ಲೇ!" ಎಂದರು ಅತ್ತೆ.

"ಗೋಡೆ ಯಾವತ್ತಾದ್ರೂ ಕೈ ಸುಟ್ಕೊಂಡಿದ್ಯಾ ಅತ್ತೆ?"

ಇವರು ಪೇಪರಿನ ಹಿಂದೆ ಕಿಸಕ್ಕೆಂದರು. ನಗಲಿ. ಖಾಲಿ ಮೊಳೆಗೆ ಇವರ ಬನಿಯನ್ ತೂಗುಹಾಕಿ ಬಂದಿದ್ದೇನೆ.

ಗೋಡೆಗೆ ಹರಕು, ಒಲೆಗೆ ಹೊಸ ಸರಕು!

ನಾಳೆ ಬೆಳಿಗ್ಗೆ ಆ ಬನಿಯನ್ ಯಾರು ಇಳಿಸಿದರೂ ಸರಿ, ನಾನಂತೂ ಇಳಿಸುವುದಿಲ್ಲ. ನೂಲು ಇನ್ನೂ ಉಳಿದಿದೆ, ಇನ್ನೊಂದು ಮಸಿಬಟ್ಟೆ ಹೆಣೆಯುತ್ತೇನೆ; ಅದೂ ಒಲೆಗೇ.