ಒಂದು ಚಿಟಿಕೆ ತಿಳಿ

ಜೂನ್ ೯, ಭಾನುವಾರ

ಪ್ರೀತಿಯ ಸಾಕಪ್ಪ,

ನಿನ್ನ ಮೂರು ಕಾಗದಗಳೂ ಬಂದು ತಲುಪಿವೆ. ಮೂರಕ್ಕೂ ಸೇರಿಸಿ ಒಂದೇ ಉತ್ತರ ಬರೆಯುತ್ತಿದ್ದೇನೆ, ಬೈದುಕೊಳ್ಳಬೇಡ. ಮನೆ ಬದಲಾಯಿಸಿದ್ದು ಒಂದು ನೆಪ, ಹೊಸ ಕೆಲಸದ ಗಡಿಬಿಡಿ ಇನ್ನೊಂದು ನೆಪ. ನಿಜ ಹೇಳಬೇಕೆಂದರೆ, ನಿನ್ನ ಕಾಗದ ಬಿಡಿಸಿದರೆ ಸಾಕು, ಕಾರ್ಖಾನೆಯ ಸುದ್ದಿಯೆಲ್ಲ ಎದ್ದು ಬಂದು ಎದೆಯ ಮೇಲೆ ಕೂತುಬಿಡುತ್ತಿತ್ತು. ಹೊಟ್ಟೆಕಿಚ್ಚು ಎಂದುಕೋ. ನಿನ್ನ ಮೇಲಲ್ಲ, ನೀನು ಕೂರುವ ಆ ಕುರ್ಚಿಯ ಮೇಲೆ.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ವಾಡಿಕೆ. ನನ್ನ ಹೆಂಡತಿಯ ಮೊಣಕಾಲು ಬಿಟ್ಟರೆ, ಮುಕ್ಕಾಲು ಪಾಲು ಅದು ನಿಜ.

‘ಸಾಕಪ್ಪ’ ಎಂದು ಬರೆಯುವಾಗಲೇ ನಗು ಬಂತು. ಈಗ ಅಲ್ಲಿ ಯಾರಾದರೂ ನಿನ್ನನ್ನು ಹಾಗೆ ಕರೆಯುತ್ತಾರೋ ಇಲ್ಲವೋ. ಆ ಬಣ್ಣದ ಕಾರ್ಖಾನೆಯ ಪುಟ್ಟ ಕೋಣೆಯಲ್ಲಿ, ಕಿಟಕಿ ಪಕ್ಕದ ಮೇಜಿಗೆ ಇಬ್ಬರೂ ಭುಜ ತಾಗಿಸಿ ಕೂತು ಡಬ್ಬಿಯ ಬಣ್ಣವನ್ನು ಮಾದರಿಗೆ ಹೊಂದಿಸುತ್ತಿದ್ದೆವಲ್ಲ, ನಾನು ‘ಇನ್ನೊಂದು ಚಿಟಿಕೆ’ ಅನ್ನುವುದು, ನೀನು ‘ಸಾಕಪ್ಪಾ’ ಅನ್ನುವುದು. ಕೊನೆಗೆ ಅದೇ ಇಬ್ಬರ ಹೆಸರೂ ಆಯಿತು. ನಮ್ಮ ಅಪ್ಪ ಅಮ್ಮ ಇಟ್ಟ ಹೆಸರು ಸಂಬಳ ಕೊಡುವ ಗುಮಾಸ್ತನಿಗೆ ಮಾತ್ರ ಗೊತ್ತಿತ್ತು. ನೀನಿಲ್ಲದಿದ್ದರೆ ನಾನು ಎಲ್ಲ ಡಬ್ಬಿಯನ್ನೂ ಅತಿ ಮಾಡಿ ಕೆಡಿಸುತ್ತಿದ್ದೆ. ನಾನಿಲ್ಲದಿದ್ದರೆ ನೀನು ಎಲ್ಲವನ್ನೂ ಅರೆಬೆಂದ ಅನ್ನದ ಹಾಗೆ ಇಳಿಸಿಬಿಡುತ್ತಿದ್ದೆ.

ಬಣ್ಣ ಅಳೆಯುವ ಯಂತ್ರ ಬಂದ ಮೇಲೆ ಎರಡು ಜೊತೆ ಕಣ್ಣು ಯಾಕೆ ಎಂದರು. ಯಂತ್ರದ ಪಕ್ಕ ಕೂರಲು ಒಬ್ಬ ಬೇಕಿತ್ತು. ನೀನು ಉಳಿದೆ, ನಾನು ಹೊರಟೆ. ಗೇಟಿನ ಹತ್ತಿರ ನಿನ್ನ ಬೆನ್ನು ತಟ್ಟಿ ‘ನಮ್ಮಲ್ಲಿ ಒಬ್ಬನಾದರೂ ಉಳಿದನಲ್ಲ, ಅಷ್ಟೇ ಸಮಾಧಾನ’ ಎಂದೆ. ಅದು ಬಣ್ಣದ ಮಾತಾಗಿರಲಿಲ್ಲ ಕಣಯ್ಯ, ಮನಸ್ಸಿನಿಂದಲೇ ಹೇಳಿದ್ದೆ.

ಆಮೇಲಿನ ದಿನಗಳ ಬಗ್ಗೆ ನಿನಗೆ ಬರೆಯಲಿಲ್ಲ. ಬರೆಯಲು ಏನಿತ್ತು? ಬೆಳಿಗ್ಗೆ ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿಕೊಂಡು, ಕಿಟಕಿಯಲ್ಲಿ ಕೂತು ಎದುರು ಮನೆಯ ಗೋಡೆಗೆ ಬೈಯುವುದು. ಆ ಗೋಡೆಗೆ ಯಾರೋ ಬೂದು ಬಣ್ಣ ಬಳಿಸಿದ್ದರು, ಒಳಗೆ ಕಳ್ಳನ ಹಾಗೆ ಹಸಿರು ಅಡಗಿತ್ತು. ಒಂದು ದಿನ ಹೆಂಡತಿ ಶಾಲೆಯ ಆಫೀಸಿಗೆ ಹೊರಟವಳು ಚೀಲ ಹೆಗಲಿಗೇರಿಸಿಕೊಂಡು ಬಾಗಿಲಲ್ಲೇ ನಿಂತು ಹೇಳಿದಳು: “ಆ ಗೋಡೆ ಜೊತೆ ಸಂಸಾರ ಮಾಡಿದ್ದು ಸಾಕು. ಹೊರಗೆ ಹೋಗಿ ಮನುಷ್ಯರ ಮುಖ ನೋಡ್ಕೊಂಡು ಬನ್ನಿ.”

ಹೋದೆ. ಕೆಲಸ ಕೊಡಿಸುವ ಆಫೀಸೊಂದರಲ್ಲಿ ನನ್ನ ಮಗಳಿಗಿಂತ ಚಿಕ್ಕವನೊಬ್ಬ ಕೂತಿದ್ದ. “ನಿಮಗೇನು ಬರುತ್ತೆ ಅಂಕಲ್?” ಎಂದ. “ಬಣ್ಣ ನೋಡೋಕೆ ಬರುತ್ತೆ” ಎಂದೆ. ಪಾಪ, ಅವನು ಬಹಳ ಮರ್ಯಾದೆಯಿಂದಲೇ ಕೇಳಿದ: “ನೋಡೋಕೆ ಎಲ್ರಿಗೂ ಬರುತ್ತಲ್ಲ?” ನಮಸ್ಕಾರ ಹೇಳಿ ಎದ್ದು ಬಂದೆ. ಆ ಪ್ರಶ್ನೆ ಈಗಲೂ ಜೊತೆಗೇ ಬರುತ್ತಿದೆ.

ಬಣ್ಣದ ಅಂಗಡಿಯೊಂದರಲ್ಲಿ ಒಂದು ವಾರ ನಿಂತೆ. ಅಲ್ಲೂ ಯಂತ್ರವೇ. ಹೆಂಗಸೊಬ್ಬರು ದಿಂಬಿನ ಚೀಲ ತಂದು ಇದೇ ಬಣ್ಣ ಕೊಡಿ ಎಂದರು, ಯಂತ್ರ ಕೊಟ್ಟಿತು. ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. “ಇದು ಅದಲ್ಲ ತಾಯಿ, ಇದರಲ್ಲಿ ಕೆಂಪು ಮೇಲೆ ಬಂದಿದೆ” ಎಂದುಬಿಟ್ಟೆ. ಅವರು ಡಬ್ಬಿ ಬಿಟ್ಟು ಹೋದರು. ಸಂಜೆ ಅಂಗಡಿಯವನು ನನ್ನನ್ನೂ ಬಿಟ್ಟ. ಮನೆಗೆ ಬಂದು ‘ನಾನೇ ಬಿಟ್ಟೆ’ ಎಂದೆ. ಜಟ್ಟಿ ನೆಲಕ್ಕೆ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ.

ಈಗಿನ ಕೆಲಸ ಸಿಕ್ಕಿದ್ದು ಹೆಂಡತಿಯ ಮೊಣಕಾಲಿನ ಪುಣ್ಯದಿಂದ. ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬೆಂಚಿನ ಮೇಲೆ ಕೂತಿದ್ದೆ. ಎದುರಿಗೆ ಒಬ್ಬರು ಪತ್ರಿಕೆ ಓದುತ್ತಿದ್ದರು. ಅವರ ಎಡಗೈ ಮೇಲೆ ಕಣ್ಣು ಹೋಯಿತು, ಹೋದದ್ದು ವಾಪಸ್ಸು ಬರಲಿಲ್ಲ. ಆ ಕೈ ಬಲಗೈಗಿಂತ ಹಳದಿ. ಕೃತಕ ಕೈ ಎಂಬುದು ನನಗೆ ಆಮೇಲೆ ಹೊಳೆದದ್ದು, ಮೊದಲು ಕಂಡದ್ದು ಹಳದಿ. ಅವರು ಎದ್ದು ಹೊರಟರೆ ನಾನೂ ಹಿಂದೆಯೇ ಹೋಗಿ ಕೇಳಿದೆ: “ಇದನ್ನ ಯಾರು ಮಾಡಿದ್ರು ಸಾರ್? ಹಳದಿ ಜಾಸ್ತಿ ಹಾಕಿದ್ದಾರೆ.” ಆ ಮನುಷ್ಯ ಬಲಗೈಯಲ್ಲಿ ಒಂದು ಬಿಗಿಯದೆ ಬಿಟ್ಟದ್ದು ಅವರ ದೊಡ್ಡತನ. ಅವರ ಮುಖ ಕೆಂಪಾಗಿತ್ತು. ಪತ್ರಿಕೆ ಮಡಿಸಿ ಕಂಕುಳಿಗೆ ಸಿಕ್ಕಿಸಿಕೊಂಡು, “ಇಷ್ಟು ದಿನ ನನ್ನೊಬ್ಬನಿಗೇ ಕಾಣುತ್ತೆ ಅಂದ್ಕೊಂಡಿದ್ದೆ” ಎಂದರು. ವಿಳಾಸ ಅವರೇ ಕೊಟ್ಟರು.

ಆ ವಿಳಾಸ ಹಿಡಿದು ಹೋದರೆ ಹಳೆಯ ಗೋದಾಮಿನ ಮಹಡಿಯಲ್ಲಿ ಒಂದು ಕಾರ್ಯಾಗಾರ. ಗೋಡೆಯುದ್ದಕ್ಕೂ ಕೈ, ಪಾದ, ಬಿಡಿ ಬೆರಳು. ನಡೆಸುವವರು ಒಬ್ಬ ಹೆಣ್ಣುಮಗಳು, ನಲವತ್ತರ ಒಳಗಿನವರು, ಎಲ್ಲರಿಗೂ ಮೇಡಂ. ನಾನು ಹಳದಿಯ ದೂರು ಹೇಳಿದೆ. ಅವರು ವಾದ ಮಾಡಲಿಲ್ಲ, ಮೇಜಿನ ಮೇಲೆ ಕೈ ಮಾಡುವ ಹಸಿ ರಬ್ಬರಿನ ಒಂದು ಉಂಡೆ ಇಟ್ಟು, “ಹಾಗಿದ್ರೆ ನನ್ನ ಕೈ ಬಣ್ಣ ಮಾಡಿ ತೋರಿಸಿ” ಎಂದು ಕೈ ಚಾಚಿ ಕೂತರು. ಊಟದ ಹೊತ್ತಿಗೆ ಮುಗಿಸಿದೆ. ಮಾರನೆಯ ದಿನದಿಂದ ಬನ್ನಿ ಎಂದರು. ಮೂರು ತಿಂಗಳು ಪರೀಕ್ಷೆಯ ಮೇಲೆ, ಆಮೇಲೆ ಕಾಯಂ, ಇಲ್ಲವೇ ನಮಸ್ಕಾರ. ಆ ಮೂರು ತಿಂಗಳು ಈ ತಿಂಗಳ ಕೊನೆಗೆ ಮುಗಿಯುತ್ತದೆ. ಐವತ್ತು ದಾಟಿದವನಿಗೆ ಇನ್ನೊಂದು ಬಾಗಿಲು ತೆರೆಯುತ್ತದೆಂದು ನನಗೆ ನಂಬಿಕೆಯಿಲ್ಲ, ಇದೊಂದು ಉಳಿಯಬೇಕು.

ಈ ಕೆಲಸವನ್ನು ನೀನು ನೋಡಬೇಕಿತ್ತು. ಗೋಡೆಗೆ ಒಂದೇ ಬಣ್ಣ. ಕೈ ಹಾಗಲ್ಲ. ಗೆಣ್ಣಿನ ಮೇಲೆ ಒಂದು, ಉಗುರಿನ ಬುಡದಲ್ಲಿ ಇನ್ನೊಂದು, ಮಣಿಕಟ್ಟಿನ ಒಳಗೆ ನರ ಹರಿಯುವ ಕಡೆ ನಸು ಹಸಿರು. ಐದು ಬೆರಳೂ ಒಂದೇ ಸಮ ಇರುವುದಿಲ್ಲ ಅನ್ನುತ್ತಾರಲ್ಲ, ಬಣ್ಣದಲ್ಲೂ ಇರುವುದಿಲ್ಲ. ಈಗ ಬಸ್ಸಿನಲ್ಲಿ ಕೂತರೆ ಜನರ ಕೈಗಳನ್ನೇ ನೋಡುತ್ತೇನೆ. ಒಂದಿಬ್ಬರು ಚೀಲ ಒಳಗೆಳೆದುಕೊಂಡರು.

ನನ್ನ ಪಾಲಿಗೆ ಬಂದ ಮೊದಲ ಗಿರಾಕಿ ಒಬ್ಬ ಗಾರೆ ಮೇಸ್ತ್ರಿ. ಕಾಂಕ್ರೀಟು ಕಲಸುವ ಯಂತ್ರಕ್ಕೆ ಸಿಕ್ಕು ಎಡಗೈ ಹೋಗಿದೆ. ಅವರ ಬಲಗೈಯನ್ನು ಕಿಟಕಿ ಬೆಳಕಿನಲ್ಲಿಟ್ಟು ಎರಡು ದಿನ ಕೂತು ಹೊಂದಿಸಿದೆ. ಅಚ್ಚಿನಿಂದ ತೆಗೆದು ತೊಡಿಸಿದಾಗ ಎಡಗೈ ಒಂದು ಚಿಟಿಕೆ ತಿಳಿಯಾಗಿತ್ತು. ಚಿಟಿಕೆಯೇ, ಆದರೂ ಎದ್ದು ಕಾಣುತ್ತಿತ್ತು. ಮೇಸ್ತ್ರಿ ಎರಡೂ ಕೈ ಮುಂದೆ ಚಾಚಿ ನೋಡಿ, “ಸಾರ್, ಈ ಕೈ ಬಿಸಿಲಲ್ಲಿ ಗಾರೆ ಮೆತ್ತುತ್ತಿದ್ದಾಗ ಆ ಕೈ ಆಫೀಸಲ್ಲಿ ಸಹಿ ಹಾಕ್ತಿತ್ತು ಅನ್ಸುತ್ತೆ” ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಅವರು ನಗದೆ ಹೇಳಿದರು: “ಇದ್ರಿಂದ ಕೆಲಸ ಆಗಲ್ಲ ಅಂತ ನಂಗೊತ್ತು. ಬಸ್ಸಲ್ಲಿ ಕಂಬಿ ಹಿಡ್ಕೊಂಡ್ರೆ ಪಕ್ಕದೋನು ತಿರುಗಿ ನೋಡಬಾರದು. ಅಷ್ಟು ಮಾಡ್ಕೊಡಿ ಸಾಕು.”

ಯಾಕೆ ಹಾಗಾಯಿತು, ನೀನೇ ಹೇಳು. ಗೋಡೆ ಬಣ್ಣ ಹಸಿಯಾಗಿದ್ದಾಗ ತಿಳಿ, ಒಣಗಿದ ಮೇಲೆ ಗಾಢ. ನಾವು ಯಾವಾಗಲೂ ಮಾದರಿಗಿಂತ ಒಂದು ಮಟ್ಟ ತಿಳಿಯಾಗಿಯೇ ಕಲಸಿ ನಿಲ್ಲಿಸುತ್ತಿದ್ದೆವು. ಈ ರಬ್ಬರು ಒಣಗಿದರೂ ಬಣ್ಣ ಬದಲಾಗುವುದಿಲ್ಲ. ಕಲಸಿದ್ದೇ ಕೊನೆ. ಇಷ್ಟು ವರ್ಷದ ಅಭ್ಯಾಸ, ನನ್ನನ್ನು ಕೇಳದೆಯೇ ಕೈ ಒಂದು ಮಟ್ಟ ಕೆಳಗೆ ನಿಂತುಬಿಟ್ಟಿದೆ. ಬಣ್ಣದವನಲ್ಲದೆ ಬೇರೆ ಯಾರೂ ಮಾಡಲಾರದ ತಪ್ಪು. ಮೇಡಂಗೆ ಹಾಗೆಯೇ ವಿವರಿಸಿದೆ. “ಸರಿ, ಕಲಿತ್ರಲ್ಲ, ಮತ್ತೆ ಮಾಡಿ” ಎಂದರು.

ಮತ್ತೆ ಮಾಡಿದೆ. ಈ ಸಲ ಮೇಸ್ತ್ರಿ ಎರಡೂ ಕೈ ಜೋಡಿಸಿ, ತಿರುಗಿಸಿ, ಕಿಟಕಿಗೆ ಹಿಡಿದು ನೋಡಿದರು. ಮೆಟ್ಟಿಲಿಳಿಯುವಾಗ ಎಡಗೈಯನ್ನು ಪಕ್ಕದ ಕಂಬಿಯ ಮೇಲೆ ಇಟ್ಟುಕೊಂಡೇ ಇಳಿದರು, ಮೊದಲ ಸಲ ಅದನ್ನು ಜೇಬಿನೊಳಗೆ ಇಟ್ಟುಕೊಂಡಿದ್ದರು. ಆ ದಿನ ಮನೆಗೆ ಹೋದವನೇ ಹೆಂಡತಿಯ ಮುಂದೆ ಎಷ್ಟು ಮಾತಾಡಿದೆನೆಂದರೆ, “ಕೆಲಸ ಹೋದಾಗಿನಿಂದ ಮೊದಲ್ನೇ ಸಲ ನೀವು ಮನೇಲಿದ್ದೀರಿ ಅನ್ನಿಸ್ತಿದೆ” ಎಂದಳು.

ನಿನ್ನ ಕಡೆಯ ಸುದ್ದಿ ಬರೆ. ಯಂತ್ರ ಹೇಳಿದ ಮಾತು ಕೇಳುತ್ತದೆಯೋ, ಅದಕ್ಕೂ ‘ಸಾಕಪ್ಪಾ’ ಅನ್ನುತ್ತೀಯೋ? ನಿನ್ನ ರಕ್ತದೊತ್ತಡ ಹೇಗಿದೆ? ಉಪ್ಪು ಕಡಿಮೆ ಮಾಡು ಎಂದು ನಾನು ಹೇಳಿದರೆ ನಗುತ್ತೀಯ, ತಂಗಿ ಹೇಳಿದರಾದರೂ ಕೇಳು. ನಿನ್ನ ಮನೆಯವಳನ್ನು ತಂಗಿ ಎಂದು ಕರೆದ ಹಕ್ಕಿನಿಂದಲೇ ಹೇಳುತ್ತಿದ್ದೇನೆ, ಅವಳ ಮಾತು ತೆಗೆದುಹಾಕಬೇಡ. ದೊಡ್ಡವನ ಪರೀಕ್ಷೆ ಸುಸೂತ್ರವಾಗಿ ಮುಗಿಯಲಿ. ಚಿಕ್ಕವಳಿಗೆ ಈ ಸೋದರಮಾವನ ಆಶೀರ್ವಾದ, ಗೋಡೆಯ ಮೇಲೆ ಚಿತ್ರ ಬರೆದರೆ ಹೊಡೆಯಬೇಡ, ನಮ್ಮ ಅನ್ನ ಹುಟ್ಟಿದ್ದೇ ಅಲ್ಲಿಂದ. ನಿಮ್ಮೆಲ್ಲರಿಗೂ ಒಳ್ಳೆಯದಾಗಲಿ.

ಎಂದಿನ ಪ್ರೀತಿಯಿಂದ,
ನಿನ್ನ ಚಿಟಿಕೆ

ತಾ.ಕ.: ಕಾಗದ ಮಡಿಸಿ ಲಕೋಟೆಗೆ ಹಾಕಿದ್ದೆ, ಮತ್ತೆ ತೆಗೆದೆ. ಬರೆಯಲೆಂದು ಕೂತ ವಿಷಯವೇ ಇನ್ನೂ ಬಂದಿಲ್ಲ.

ಶುಕ್ರವಾರ ಮೇಡಂ ನನ್ನನ್ನು ಒಳಗೆ ಕರೆದು ಕೂರಿಸಿದರು. ಕಾಯಂ ಮಾಡುವ ಮುಂಚೆ ಹಳೆಯ ಜಾಗದಲ್ಲಿ ವಿಚಾರಿಸುತ್ತಾರಂತೆ, ನಮ್ಮ ಕಾರ್ಖಾನೆಯ ಮ್ಯಾನೇಜರಿಗೆ ಫೋನ್ ಮಾಡಿದ್ದಾರೆ. ಮನುಷ್ಯ ಒಳ್ಳೆಯವನು, ಕೆಲಸ ಗೊತ್ತು, ಆದರೆ ಕೊನೆಕೊನೆಗೆ ಕಣ್ಣು ಸರಿ ಇರಲಿಲ್ಲ, ಅವನ ಪಕ್ಕ ಕೂರುತ್ತಿದ್ದವನೇ ನಮಗೆ ಹೇಳಿದ, ಎಂದರಂತೆ ಮ್ಯಾನೇಜರ್. ನನ್ನ ಪಕ್ಕ ಕೂರುತ್ತಿದ್ದವನು ನೀನೊಬ್ಬನೇ.

ಯಂತ್ರ ಬಂದಾಗ ಮ್ಯಾನೇಜರ್, ಯಾರ ಕಣ್ಣು ಚುರುಕು ಎಂದು ನಮ್ಮಿಬ್ಬರನ್ನೂ ಬೇರೆ ಬೇರೆ ಕರೆದು ಕೇಳಿದ್ದು ನೆನಪಿದೆಯಲ್ಲ? ನಾನು ನಿನ್ನ ಹೆಸರು ಹೇಳಿದೆ. ನೀನು ನನ್ನ ಹೆಸರು ಹೇಳಿರುತ್ತೀಯ, ಈಗ ಅವರು ಆರಿಸಲಿ ನೋಡೋಣ ಎಂದು ಕ್ಯಾಂಟೀನಿನಲ್ಲಿ ನಕ್ಕೆ. ನೀನೂ ನಕ್ಕೆ.

ಶುಕ್ರವಾರ ರಾತ್ರಿ, ಶನಿವಾರ ಇಡೀ ದಿನ, ನಿನ್ನ ಮೇಲೆ ಎಂಥ ಸಿಟ್ಟಿತ್ತೆಂದರೆ ಅನ್ನ ಸೇರಲಿಲ್ಲ. ಇವತ್ತು ಬೆಳಿಗ್ಗೆ ಸಿಟ್ಟು ಇಳಿಯಿತು, ಅದು ಕೂತಿದ್ದ ಜಾಗದಲ್ಲಿ ಭಯ ಬಂದು ಕೂತಿದೆ. ಮೇಸ್ತ್ರಿಯ ಕೈ ತಿಳಿಯಾದದ್ದು ಅಭ್ಯಾಸದಿಂದ ಎಂದು ಮೇಡಂಗೆ ಹೇಳಿದೆ, ನಿನಗೂ ಬರೆದೆ. ಆದರೆ ಅಚ್ಚಿಗೆ ತುಂಬುವ ಮುಂಚೆ ಎರಡು ದಿನ ಅದನ್ನೇ ನೋಡುತ್ತ ಕೂತಿದ್ದೆನಲ್ಲ, ನನಗೆ ಆ ವ್ಯತ್ಯಾಸ ಯಾಕೆ ಕಾಣಲಿಲ್ಲ? ಎರಡನೇ ಸಲ ಸರಿಯಾದದ್ದು ಕಣ್ಣಿನಿಂದಲೂ ಅಲ್ಲ. ನಾವು ಬಿಡುತ್ತಿದ್ದ ಆ ಒಂದು ಮಟ್ಟದ ಬಣ್ಣವನ್ನು ತಕ್ಕಡಿಯಲ್ಲಿ ತೂಗಿ ಸೇರಿಸಿದೆ, ಅಷ್ಟೆ.

ನಿನ್ನೆ ಸಿಟ್ಟಿನಲ್ಲೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದೆ, ಬಣ್ಣದ ಚುಕ್ಕಿಗಳ ಪುಸ್ತಕ ತೋರಿಸಿ ಎಲ್ಲ ಸರಿ ಇದೆ ಎಂದರು. ಕೆಂಪಿಗೂ ಹಸಿರಿಗೂ ವ್ಯತ್ಯಾಸ ತಿಳಿಯದವರನ್ನು ಆ ಪುಸ್ತಕ ಹಿಡಿಯುತ್ತದೆ. ಒಂದು ಚಿಟಿಕೆ ಕಳೆದುಕೊಂಡವನನ್ನು ಹಿಡಿಯಲು ಪಕ್ಕದಲ್ಲಿ ಕೂತವನೇ ಬೇಕು. ಕೊನೆಯ ವರ್ಷ ನಾನು ನೀರು ಕುಡಿಯಲು ಹೋಗಿ ಬಂದಾಗಲೆಲ್ಲ ನೀನು ನನ್ನ ಡಬ್ಬಿಯಲ್ಲಿ ಕಡ್ಡಿ ಆಡಿಸುತ್ತಿದ್ದೆ. ಕೇಳಿದರೆ “ಸುಮ್ನೆ ಕಲಕ್ದೆ ಕಣೋ” ಎನ್ನುತ್ತಿದ್ದೆ. ಸುಮ್ಮನೆಯೇ ಕಲಕುತ್ತಿದ್ದೆಯಾ, ನನ್ನ ತಪ್ಪನ್ನು ಯಾರಿಗೂ ಕಾಣದಂತೆ ತಿದ್ದುತ್ತಿದ್ದೆಯಾ?

ಮೇಡಂ ಸರ್ಟಿಫಿಕೇಟು ಕೇಳಿಲ್ಲ. “ನಿಮ್ಮ ಕಣ್ಣು ನಿಮಗೇ ಗೊತ್ತಿರುತ್ತೆ. ತಿಂಗಳ ಕೊನೆಗೆ ನೀವೇ ಬಂದು ಹೇಳಿ, ನಾನು ನಂಬ್ತೀನಿ” ಎಂದಿದ್ದಾರೆ. ಬಾಗಿಲ ಹೊರಗೆ ಜನ ಕೂತಿರುತ್ತಾರೆ ಸಾಕಪ್ಪ, ಜೇಬಿನಿಂದ ಕೈ ತೆಗೆಯದ ಜನ. ಅವರ ಮುಂದೆ ನಾನು ಊಹೆಯ ಮೇಲೆ ಕೂರಲಾರೆ.

ಫೋನು ಮಾಡಬೇಡ. ಫೋನಿನಲ್ಲಿ ನನ್ನ ದನಿ ಕೇಳಿದರೆ ನೀನು ಕನಿಕರದ ಉತ್ತರ ಕೊಡುತ್ತೀಯ. ಕೂತು, ಯೋಚಿಸಿ, ಎರಡು ಸಾಲು ಬರೆ. ಕೆಲಸ ಉಳಿಸಿಕೊಳ್ಳಲು ನನ್ನ ಮೇಲೆ ಸುಳ್ಳು ಹೇಳಿದ್ದರೆ, ಹೌದು, ಸುಳ್ಳು ಹೇಳಿದೆ ಎಂದು ಬರೆದುಬಿಡು. ನನಗೆ ಎಷ್ಟು ಸಂತೋಷವಾಗುತ್ತದೆಂದು ನಿನಗೆ ಗೊತ್ತಿಲ್ಲ.